ಇಲಿ ಬಿದ್ದಿದೆಯಂತೆ: 1898ರ ಪ್ಲೇಗನ್ನು ಆರು ಮಕ್ಕಳು ಆಡಿದ ಬಗೆ

ಬಸವನಗುಡಿಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕಳೆದ ಬೇಸಿಗೆ ರಜೆಯ ಐದು ಶನಿವಾರ ಆರು ಮಕ್ಕಳು ಕುಳಿತು 1898ರ ಬೆಂಗಳೂರಿನ ಪ್ಲೇಗನ್ನು ಆಡಿದರು. ಎರಡನೇ ಶನಿವಾರದ ಹೊತ್ತಿಗೆ ಆಟ ಕೆಟ್ಟಿತ್ತು. ಮಕ್ಕಳಿಗೆ ಬೇಸರ ಬಂದಿತ್ತೆಂದಲ್ಲ. ಅವರು ಬಿದ್ದು ಬಿದ್ದು ನಗುತ್ತಿದ್ದರು. ಕೇಡು ಇದ್ದದ್ದೇ ಆ ನಗುವಿನಲ್ಲಿ. ಅದು ಎಲ್ಲಿಂದ ಬಂತು, ಹೇಗೆ ನಿಂತಿತು, ನಿಲ್ಲಿಸುವ ಭರದಲ್ಲಿ ನಾನು ಎಲ್ಲೆಲ್ಲಿ ಎಡವಿದೆ ಎಂಬುದನ್ನು ಇಂಥ ಆಟ ಆಡಿಸಬೇಕೆಂದಿರುವ ಬೇರೆಯವರ ಉಪಯೋಗಕ್ಕೆ ಬರೆದಿಡುತ್ತಿದ್ದೇನೆ. ಮಕ್ಕಳ ಹೆಸರು ಬೇಡ, ಅವರು ಆಡಿದ ಪಾತ್ರಗಳಿಂದಲೇ ಕರೆಯುತ್ತೇನೆ.

ನಾನು ಶಿಕ್ಷಕಿಯಲ್ಲ. ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ನನ್ನದು. ಕಚೇರಿಯ ಗೆಳೆಯರು ವಾರಾಂತ್ಯದಲ್ಲಿ ಆಡುತ್ತಿದ್ದ ಡಂಜನ್ಸ್ ಆಂಡ್ ಡ್ರಾಗನ್ಸ್ ಆಟಕ್ಕೆ ಸೇರಿಕೊಂಡು ಈ ಹುಚ್ಚು ಹತ್ತಿತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ ಆಟ ಅದು. ಮೇಜಿನ ಸುತ್ತ ಕುಳಿತವರು ಒಬ್ಬೊಬ್ಬರೂ ಒಂದು ಪಾತ್ರವಾಗುತ್ತಾರೆ, ನಡೆಸುವವನೊಬ್ಬ ಸಂದರ್ಭ ಕಟ್ಟಿಕೊಡುತ್ತಾನೆ, ‘ಈಗ ಏನು ಮಾಡುತ್ತೀರಿ?’ ಎಂದು ಕೇಳುತ್ತಾನೆ. ಮಾಡಹೊರಟದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಮೊದಲ ಸಲ ಆಡಿದಾಗಲೇ ನನಗೆ ಅನಿಸಿದ್ದು, ಇದು ನಮ್ಮೂರಿನ ಯಕ್ಷಗಾನ ತಾಳಮದ್ದಳೆಯಲ್ಲವೇ ಎಂದು. ನಾನು ಪುತ್ತೂರಿನ ಕಡೆಯವಳು, ತಂದೆ ಹವ್ಯಾಸಿ ಅರ್ಥಧಾರಿ, ಅಂದರೆ ಅದರಲ್ಲಿ ಪಾತ್ರವಾಗಿ ಮಾತಾಡುವವರು. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಮಾತು. ಕೃಷ್ಣ ಸಂಧಾನದ ಪ್ರಸಂಗದಲ್ಲಿ ಸಂಧಾನ ಮುರಿದೇ ಬೀಳುತ್ತದೆ ಎಂಬುದು ಸಭೆಗೆಲ್ಲ ಗೊತ್ತು. ಆದರೆ ಆ ರಾತ್ರಿ ಕೌರವ ಯಾವ ವಾದ ಹೂಡುತ್ತಾನೆ ಎಂಬುದು ಪದ ಹಾಡಿ ಪ್ರಸಂಗ ನಡೆಸುವ ಭಾಗವತರಿಗೂ ಗೊತ್ತಿರುವುದಿಲ್ಲ. ಇತಿಹಾಸ ಕಲಿಸಲು ಬೇಕಾದ್ದೂ ಇದೇ ತಾನೇ? ಆದದ್ದನ್ನು ತಿದ್ದಲಾಗದು, ಒಳಗೆ ನಿಂತು ಮಾತಾಡಬಹುದು. ಮಕ್ಕಳಿಗೆ ನಿಯಮವನ್ನು ಹಾಗೆಯೇ ಹೇಳಿದೆ: ಪ್ರಸಂಗ ಬದಲಾಗದು, ಅರ್ಥ ನಿಮ್ಮದು. ನಾನು ಭಾಗವತ.

ಪ್ರಸಂಗಕ್ಕೆ ಮೊದಲು ಯೋಚಿಸಿದ್ದು 1791ರಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆಗೆ ಹಾಕಿದ ಮುತ್ತಿಗೆಯನ್ನು. ಟಿಪ್ಪುವಿನ ಹೆಸರೆತ್ತಿದರೆ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಬೇರೆಯದೇ ಮುತ್ತಿಗೆ ಶುರುವಾದೀತೆಂದು ಅಂಜಿ ಬಿಟ್ಟೆ. ಅಂಜಿದ್ದು ಒಳ್ಳೆಯದೇ ಆಯಿತು. ಯುದ್ಧವನ್ನು ಆಡಿಸಿದ್ದರೆ ಎಲ್ಲರಿಗೂ ಕತ್ತಿಯೇ ಬೇಕಾಗುತ್ತಿತ್ತು. ಪ್ಲೇಗಿನ ಕಥೆಯಲ್ಲಿ ಕತ್ತಿಗೆ ಕೆಲಸವಿಲ್ಲ. ಮೇಲಾಗಿ ನಾವು ಕುಳಿತಿದ್ದ ಬಡಾವಣೆಯೇ ಆ ಪ್ಲೇಗಿನ ಬೆನ್ನಿಗೆ ಬೆಳೆದದ್ದು.

ಪಾತ್ರಗಳು, ಬೀಜಗಳು

ಜಾಗ ತರಗುಪೇಟೆಯ ಒಂದು ಗಲ್ಲಿ. ದವಸದ ಮಂಡಿಗಳ ಪೇಟೆ, ಅಂದರೆ ಇಲಿಗಳಿಗೂ ಅದೇ ಪೇಟೆ. ಆರು ಪಾತ್ರಗಳು: ಮಂಡಿಯ ಯಜಮಾನ, ರೈಲ್ವೆ ನಿಲ್ದಾಣದಿಂದ ಮಂಡಿಗೆ ಮೂಟೆ ಸಾಗಿಸುವ ಗಾಡಿಯವ, ಕಬ್ಬನ್‌ಪೇಟೆಯ ನೇಕಾರ, ಸೂಲಗಿತ್ತಿ, ಮುನಿಸಿಪಾಲಿಟಿಯ ಗುಮಾಸ್ತ, ದಂಡಿನಲ್ಲಿ (ಕಂಟೋನ್ಮೆಂಟಿನಲ್ಲಿ) ದೊರೆಗಳ ಮನೆಯ ಅಡುಗೆಯವ. ಕೊನೆಯವನನ್ನು ಬೇಕೆಂದೇ ಸೇರಿಸಿದ್ದು. ಆಗ ಪೇಟೆ ಮೈಸೂರು ಸಂಸ್ಥಾನದ ಆಡಳಿತದಲ್ಲಿತ್ತು, ದಂಡು ಬ್ರಿಟಿಷರ ಕೈಯಲ್ಲಿತ್ತು. ಒಂದೇ ಊರಿಗೆ ಎರಡು ಆಡಳಿತ. ದಿನವೂ ಈ ಗಡಿ ದಾಟುವ ಒಬ್ಬ ಬೇಕಿತ್ತು. ಪಟ್ಟದಲ್ಲಿದ್ದ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕ, ತಾಯಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿ, ದಿವಾನರು ಶೇಷಾದ್ರಿ ಅಯ್ಯರ್. ಇವರಾರೂ ಆಟದೊಳಗೆ ಬರಲಿಲ್ಲ. ಗಲ್ಲಿಯ ಜನ ಅವರನ್ನು ಕಂಡವರಲ್ಲ.

ಇಪ್ಪತ್ತು ಮುಖದ ದಾಳ ತರಿಸಲಿಲ್ಲ. ಚೌಕಾಬಾರದಂತೆ ನಾಲ್ಕು ಹುಣಸೆ ಬೀಜಗಳ ಒಂದು ಮಗ್ಗುಲನ್ನು ಬೆಳ್ಳಗಾಗುವಂತೆ ನೆಲಕ್ಕೆ ಉಜ್ಜಿದೆವು. ಎರಡು ಬಿಳಿ ಬಿದ್ದರೆ ಸಾಮಾನ್ಯ ಕೆಲಸ ಆದಂತೆ, ಮೂರು ಬಿದ್ದರೆ ಕಷ್ಟದ ಕೆಲಸವೂ ಆದಂತೆ. ಗುಮಾಸ್ತನಾಗಿದ್ದ ಹುಡುಗ ಲೆಕ್ಕ ಹಾಕಿದ: ಹದಿನಾರು ಬಗೆಯಲ್ಲಿ ಬೀಳಬಹುದಾದದ್ದರಲ್ಲಿ ಹನ್ನೊಂದು ಸಲ ಎರಡು ಅಥವಾ ಹೆಚ್ಚು, ಐದು ಸಲ ಮಾತ್ರ ಮೂರು ಅಥವಾ ಹೆಚ್ಚು. ‘ಬೀಜ ಎರಡು ಕಡೆಗೂ ಸಮನಾಗಿ ಬಿದ್ದರೆ ಮಾತ್ರ’ ಎಂದು ಆಮೇಲೆ ತಾನೇ ಸೇರಿಸಿದ. ಅವು ಸಮನಾಗಿ ಬೀಳುವುದಿಲ್ಲ. ಐದೂ ವಾರ ಈ ಬಗ್ಗೆ ಜಗಳ ನಡೆಯಿತು, ಅದನ್ನು ಬಿಟ್ಟುಬಿಡುತ್ತೇನೆ.

ಆಟ ಕೆಟ್ಟ ಬಗೆ

ಮೊದಲ ಶನಿವಾರ ಗಾಡಿಯವ ನಿಲ್ದಾಣದ ಸರಕಿನ ಶೆಡ್ಡಿನಲ್ಲಿ ಸತ್ತ ಇಲಿಗಳನ್ನು ಕಂಡ. ಹುಬ್ಬಳ್ಳಿಯಲ್ಲಿ ರೋಗ ಜೋರಾಗಿತ್ತು, ಆ ಕಡೆಯ ರೈಲು ಬೆಂಗಳೂರಿಗೆ ಬರುತ್ತಿತ್ತು, 1898ರ ಆಗಸ್ಟ್‌ನಲ್ಲಿ ಇಲ್ಲೂ ಪ್ಲೇಗ್ ಕಾಣಿಸಿಕೊಂಡಿತು. ನಾನು ಇಷ್ಟು ಕಟ್ಟಿಕೊಡುತ್ತಿದ್ದಂತೆ ಸೂಲಗಿತ್ತಿ, ಅಂದರೆ ಏಳನೇ ತರಗತಿ ಮುಗಿಸಿದ ಚುರುಕು ಹುಡುಗಿ, ಕೈ ಎತ್ತಿದಳು: ‘ಇಲಿಯ ಮೈಮೇಲಿನ ಚಿಗಟದಿಂದ ಬರುವುದು. ಎಲ್ಲರೂ ಇಲಿ ಹಿಡಿಯಬೇಕು, ಮಾಸ್ಕ್ ಹಾಕಬೇಕು, ಕೈ ತೊಳೆಯಬೇಕು.’

ಹಾಗೆ ಆಗುವುದಿಲ್ಲ, ನಿನ್ನ ಪಾತ್ರಕ್ಕೆ ಇದೊಂದೂ ಗೊತ್ತಿಲ್ಲ ಎಂದೆ.

‘ಹಾಗಾದರೆ ನಾನೇನು ಮಾಡಲಿ ಆಂಟಿ, ದಡ್ಡಿಯ ಹಾಗೆ ನಟಿಸಲೇ?’

ನನ್ನ ಬಳಿ ಉತ್ತರವಿರಲಿಲ್ಲ. ‘ಗೊತ್ತಿಲ್ಲದವಳ ಹಾಗೆ ಆಡು’ ಎಂದೆ. ಎರಡೂ ಒಂದೇ ಎಂದು ಅವಳು ತಿಳಿದುಕೊಂಡಳು. ಉಳಿದವರೂ ಹಾಗೆಯೇ ತಿಳಿದರು. ಎರಡನೇ ಶನಿವಾರ ಆರು ಮಂದಿಯೂ ಪೈಪೋಟಿಯ ಮೇಲೆ ದಡ್ಡರಾದರು. ನೇಕಾರ ಕಣ್ಣು ಮೇಲೆ ಮಾಡಿಕೊಂಡು ‘ಮಾರಮ್ಮನಿಗೆ ಕೋಳಿ ಕೊಟ್ಟರೆ ಸರಿಹೋಗುತ್ತದೆ’ ಎಂದ, ಎಲ್ಲರೂ ನಕ್ಕರು. ಅಡುಗೆಯವ ಚುಚ್ಚುಮದ್ದು ಎಂಬ ಮಾತಿಗೇ ಕಿರುಚಿ ಮೇಜಿನಡಿ ಅಡಗಿದ, ಇನ್ನಷ್ಟು ನಕ್ಕರು. ಒಂದೂವರೆ ಗಂಟೆ ಮುಗಿಯುವಾಗ ಅವರಲ್ಲಿ ಉಳಿದದ್ದು ಒಂದೇ ಪಾಠ: ಹಿಂದಿನವರು ಪೆದ್ದರು, ನಾವು ಜಾಣರು. ಪಠ್ಯಪುಸ್ತಕವೂ ಇಷ್ಟು ಕೆಟ್ಟದಾಗಿ ಕಲಿಸದು.

ಮೊದಲ ದಿನ ಎಲ್ಲರಿಂದಲೂ ಒಂದು ಪ್ರಶ್ನೆಗೆ ಉತ್ತರ ಬರೆಸಿಕೊಂಡಿದ್ದೆ: ರೋಗ ಬಂದವರನ್ನು ಮನೆಯವರು ಅಧಿಕಾರಿಗಳಿಂದ ಬಚ್ಚಿಟ್ಟದ್ದು ಏಕೆ? ಆರರಲ್ಲಿ ಐದು ಚೀಟಿಗಳಲ್ಲಿ ‘ಅವರಿಗೆ ತಿಳಿವಳಿಕೆ ಇರಲಿಲ್ಲ’ ಎಂಬರ್ಥದ ಮಾತೇ ಇತ್ತು. ಆರನೆಯದು ಖಾಲಿ.

ಅಪ್ಪನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. ಅವರು ಹೇಳಿದ್ದಿಷ್ಟೇ: ‘ಕೌರವನನ್ನು ಮೂರ್ಖನಂತೆ ಮಾತಾಡಿಸಿದರೆ ಸಭೆ ಎದ್ದು ಹೋಗುತ್ತದೆ. ಅವನ ಪಕ್ಷ ಅವನಿಗೆ ಸರಿಯೇ. ಆ ಹುಡುಗರಿಗೆ ನೀನು ಪಕ್ಷವನ್ನೇ ಕೊಟ್ಟಿಲ್ಲವಲ್ಲ.’

ನಿಜವೇ. ಚಿಗಟದ ವಿಷಯ ಕಿತ್ತುಕೊಂಡಿದ್ದೆ, ಆ ಜಾಗದಲ್ಲಿ ಏನನ್ನೂ ಇಟ್ಟಿರಲಿಲ್ಲ. 1898ರ ಮನುಷ್ಯನ ತಲೆ ಖಾಲಿಯಾಗಿರಲಿಲ್ಲ, ಬೇರೆ ಸಂಗತಿಗಳಿಂದ ತುಂಬಿತ್ತು.

ಮೂರು ಕಾಲಂ

ಪ್ರತಿ ಪಾತ್ರದ ಹಾಳೆಯಲ್ಲಿ ಹೊಸದಾಗಿ ಮೂರು ಕಾಲಂ ಎಳೆದೆ: ಕಂಡದ್ದು, ಕೇಳಿದ್ದು, ನಂಬಿದ್ದು. ಯಾವ ಕೆಲಸ ಮಾಡಬೇಕಾದರೂ ಈ ಮೂರರಲ್ಲಿ ಒಂದು ಸಾಲನ್ನು ಬೆರಳಿಟ್ಟು ತೋರಿಸಬೇಕು. ತೋರಿಸಲಾಗದಿದ್ದರೆ ಬೀಜ ಎಸೆಯುವಂತಿಲ್ಲ. ಇನ್ನೊಬ್ಬರ ಹಾಳೆಯಲ್ಲಿರುವುದು ಬೇಕಿದ್ದರೆ ಆಟದೊಳಗೆ ಅವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಬೇಕು, ಮಾತಾಡಿಸಿ ತಂದದ್ದು ‘ಕೇಳಿದ್ದು’ ಕಾಲಂಗೆ ಹೋಗುತ್ತದೆ.

ಇಲ್ಲಿ ಕನ್ನಡವೇ ಕೈ ಹಿಡಿಯಿತು. ‘ಇಲಿ ಬಿದ್ದಿದೆ’ ಎಂದರೆ ಕಂಡವನ ಮಾತು. ‘ಇಲಿ ಬಿದ್ದಿದೆಯಂತೆ’ ಎಂದರೆ ಕೇಳಿದವನದು. ಕೇಳಿದ್ದನ್ನು ಹೇಳುವಾಗ ‘ಅಂತೆ’ ಬಿಟ್ಟರೆ ತಪ್ಪು ಎಂದು ನಿಯಮ ಮಾಡಿದೆ. ಮಕ್ಕಳು ಪೊಲೀಸರಂತೆ ಒಬ್ಬರನ್ನೊಬ್ಬರು ಹಿಡಿಯತೊಡಗಿದರು. ‘ನೀನು ನೋಡಿದೆಯಾ? ಇಲ್ಲವಲ್ಲ, ಅಂತೆ ಸೇರಿಸು.’ ಆಧಾರ ಎಂದರೇನು ಎಂಬುದರ ಬಗ್ಗೆ ನಾನು ಒಂದು ಗಂಟೆ ಮಾತಾಡಿದ್ದರೂ ಇಷ್ಟು ನಾಟುತ್ತಿರಲಿಲ್ಲ.

ಕಾಲಂಗಳನ್ನು ತುಂಬಲು ನಾನು ಓದಬೇಕಾಯಿತು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗ್ ಶುರುವಾದದ್ದು ಮಂಡಿಯ ಯಜಮಾನನಿಗೆ ವ್ಯಾಪಾರದ ಕಾಗದಗಳಿಂದ ಗೊತ್ತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯಡಿ ಅಲ್ಲಿ ಮನೆ ಹೊಕ್ಕು ಹುಡುಕಿದ್ದು, ಅದೇ ವರ್ಷ ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನು ಚಾಪೇಕರ್ ಸಹೋದರರು ಕೊಂದದ್ದು ಗುಮಾಸ್ತನ ಕಿವಿಗೆ ಬಿದ್ದಿದೆ. ಆದ್ದರಿಂದ ಅವನಿಗೆ ಕಾಯಿದೆಯ ಬಲವೂ ಇದೆ, ಜೀವಭಯವೂ ಇದೆ. ಹಾಫ್‌ಕಿನ್ ಎಂಬ ವಿಜ್ಞಾನಿ 1897ರ ಜನವರಿಯಲ್ಲಿ ತನ್ನ ಮೈಗೇ ಚುಚ್ಚಿಕೊಂಡು ನೋಡಿದ ಲಸಿಕೆ ಆಗ ಇತ್ತು. ಆದರೆ ಚುಚ್ಚಿಸಿಕೊಂಡವರಿಗೆ ಜ್ವರ ಬರುತ್ತಿತ್ತು, ತೋಳು ಊದುತ್ತಿತ್ತು. ಮೇಜಿನಡಿ ಅಡಗಿದ್ದ ಅಡುಗೆಯವನ ಹಾಳೆಯಲ್ಲಿ ಬರೆದೆ: ‘ಎರಡು ದಿನ ಕೆಲಸಕ್ಕೆ ಹೋಗದಿದ್ದರೆ ದೊರೆಸಾನಿ ಬೇರೆಯವರನ್ನು ಇಟ್ಟುಕೊಳ್ಳುತ್ತಾಳೆ.’ ಅವನು ಓದಿ ಸುಮ್ಮನಾದ. ಆಮೇಲೆ ಚುಚ್ಚುಮದ್ದು ಬೇಡವೆಂದ, ಈ ಸಲ ಕಿರುಚದೆ.

ಮೂರನೇ ಶನಿವಾರ

ಯಜಮಾನನ ತಾಯಿಗೆ ಜ್ವರ, ತೊಡೆಯ ಸಂದಿಯಲ್ಲಿ ಗೆಡ್ಡೆ. ಗುಮಾಸ್ತನಿಗೆ ಮೇಲಿನಿಂದ ಆಜ್ಞೆ: ಗಲ್ಲಿಯ ಪ್ರತಿ ಮನೆ ನೋಡಬೇಕು, ರೋಗಿಯನ್ನು ಊರಾಚೆಯ ಶೆಡ್ಡಿಗೆ ಸಾಗಿಸಬೇಕು, ಮನೆಯ ಹೆಂಚು ತೆಗೆಸಿ ಬಿಸಿಲು ಬೀಳುವಂತೆ ಮಾಡಬೇಕು, ಹಾಸಿಗೆ ಬಟ್ಟೆ ಸುಡಬೇಕು. ಒಬ್ಬರ ಹಾಳೆಯನ್ನು ಇನ್ನೊಬ್ಬರಿಗೆ ತೋರಿಸಲಿಲ್ಲ.

‘ಯಜಮಾನರೇ, ಒಳಗೆ ಯಾರಿಗಾದರೂ ಮೈಗೆ ಹುಷಾರಿಲ್ಲವೇ?’

‘ಎಲ್ಲರೂ ಚೆನ್ನಾಗಿದ್ದೇವೆ ಸ್ವಾಮಿ. ತಾಯಿ ಮಡಿಯಲ್ಲಿದ್ದಾರೆ, ಒಳಗೆ ಬರುವ ಹಾಗಿಲ್ಲ.’

‘ನೋಡದೆ ಹೋದರೆ ನನ್ನ ಕೆಲಸ ಹೋಗುತ್ತದೆ.’

‘ನೋಡಿದರೆ ನನ್ನ ತಾಯಿ ಹೋಗುತ್ತಾರೆ. ಶೆಡ್ಡಿಗೆ ಹೋದವರಲ್ಲಿ ತಿರುಗಿ ಬಂದವರನ್ನು ಒಬ್ಬರನ್ನು ತೋರಿಸಿ.’

ಇದು ಹದಿಮೂರು ವರ್ಷದ ಹುಡುಗನ ಮಾತು, ನಾನು ಹೇಳಿಕೊಟ್ಟದ್ದಲ್ಲ. ಅವನ ಬೆರಳು ‘ಕೇಳಿದ್ದು’ ಕಾಲಂನ ಮೇಲೆಯೇ ಇತ್ತು. ಹತ್ತು ಹದಿನೈದು ನಿಮಿಷ ಇಬ್ಬರೂ ವಾದಿಸಿದರು, ಉಳಿದ ನಾಲ್ವರು ಉಸಿರು ಬಿಗಿಹಿಡಿದು ಕೇಳಿದರು. ಗುಮಾಸ್ತ ಕೊನೆಗೆ ಬೀಜ ಎಸೆಯಲಿಲ್ಲ. ‘ನಾನು ಈ ಮನೆಗೆ ಕೊನೆಯಲ್ಲಿ ಬರುತ್ತೇನೆ, ಸಂಜೆಯಾಗುತ್ತದೆ’ ಎಂದು ಹೇಳಿ ಮುಂದಿನ ಮನೆಗೆ ಹೋದ. ಯಜಮಾನನಿಗೆ ಅರ್ಥವಾಯಿತು. ತಾಯಿಯನ್ನು ಗಾಡಿಯಲ್ಲಿ ಹೊರಗೆ ಸಾಗಿಸಲು ಅವನು ಗಾಡಿಯವನಿಗೆ ಹಣ ಕೊಟ್ಟ. ರೋಗ ಹರಡಿದ್ದೂ ಹೀಗೆಯೇ ಎಂದು ನಾನು ಬಾಯಿ ಬಿಡಬೇಕಾಗಲಿಲ್ಲ, ಸೂಲಗಿತ್ತಿಯೇ ಗೊಣಗಿದಳು.

ನನ್ನ ದೊಡ್ಡ ತಪ್ಪು ಆಮೇಲೆ ನಡೆದದ್ದು. ಸಂಜೆಯ ಘಟ್ಟಕ್ಕೆ ಬಂದಾಗ ‘ಗಾಡಿಯಲ್ಲಿ, ಕೆಂಗೇರಿಯ ದಾರಿಯಲ್ಲಿ, ನಿನ್ನ ತಾಯಿ ತೀರಿಕೊಂಡರು’ ಎಂದುಬಿಟ್ಟೆ. ನಾಟಕೀಯವಾಗಿರಲಿ ಎಂಬ ಚಪಲ. ಯಜಮಾನ ಏನೂ ಅನ್ನಲಿಲ್ಲ. ನೇಕಾರನಾಗಿದ್ದ ಹುಡುಗ ಮಾತ್ರ ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತ. 2021ರ ಮೇ ತಿಂಗಳಲ್ಲಿ ಅವನ ತಾತ ಆಂಬುಲೆನ್ಸಿನಲ್ಲಿಯೇ ತೀರಿಕೊಂಡಿದ್ದರು. ಅವನ ತಾಯಿ ಕರೆದೊಯ್ಯಲು ಬಂದಾಗ ಇದು ತಿಳಿಯಿತು. ಸಾಂಕ್ರಾಮಿಕ ರೋಗದ ಆಟ ಆಡಿಸಹೊರಟವಳು ಈ ಮಕ್ಕಳ ಮನೆಗಳಲ್ಲಿ ಕೊರೊನಾ ಕಾಲದಲ್ಲಿ ಏನಾಗಿತ್ತೆಂದು ಮುಂಚಿತವಾಗಿ ವಿಚಾರಿಸಿಯೇ ಇರಲಿಲ್ಲ. ಇದಕ್ಕೆ ಸಮಜಾಯಿಷಿ ಇಲ್ಲ. ಅವನ ತಾಯಿ ನನ್ನನ್ನು ಬೈಯಲಿಲ್ಲ ಎಂಬುದು ಇನ್ನೂ ಚುಚ್ಚುತ್ತದೆ.

ಮುಂದಿನ ವಾರದಿಂದ ಮೇಜಿನ ನಡುವೆ ಒಂದು ಸ್ಟೀಲ್ ಲೋಟ ಇಟ್ಟೆವು. ಯಾರು ಅದನ್ನು ಬೋರಲು ಹಾಕಿದರೂ ಆಟ ಅಲ್ಲಿಗೇ ನಿಲ್ಲಬೇಕು, ಕಾರಣ ಕೇಳುವಂತಿಲ್ಲ. ಸಾವು ಬರುವುದಿದ್ದರೆ ಯಾರ ಮನೆಗೆ ಬರಲಿ ಎಂದು ಮೊದಲೇ ಕೇಳಿ, ಒಪ್ಪಿದವರಿಗೆ ಮಾತ್ರ. ನೇಕಾರ ಮರುವಾರ ಬಂದ. ಬಂದು ಲೋಟವನ್ನು ಎರಡು ಸಲ ಬೋರಲು ಹಾಕಿದ. ಎರಡನೆಯದು ಬರೀ ಪರೀಕ್ಷಿಸಲು ಎಂದು ನನ್ನ ಗುಮಾನಿ.

ಅಜ್ಜಿಯ ಸಾಕ್ಷಿ

ನಾಲ್ಕನೇ ಶನಿವಾರ ಸೂಲಗಿತ್ತಿ ತನ್ನ ಮುತ್ತಜ್ಜಿಯನ್ನೇ ಕರೆತಂದಳು. ಕನಕಪುರದ ಕಡೆಯ ಹಳ್ಳಿಯವರು, ಎಂಬತ್ತನಾಲ್ಕು ವರ್ಷ. ಮೆಟ್ಟಿಲು ಹತ್ತಿದ ಆಯಾಸ ಆರುವ ಮುನ್ನವೇ ಹೇಳಿದರು: ‘ಇಲಿಯ ವಿಷಯ ಯಾರಿಗೂ ತಿಳಿದಿರಲಿಲ್ಲ ಎಂದೆಯಂತಲ್ಲಮ್ಮ? ಇಲಿ ಬಿತ್ತು ಎಂದರೆ ಊರು ಬಿಡು ಎಂದು ನಮ್ಮ ತಾಯಿ ಹೇಳುತ್ತಿದ್ದರು. ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರಂತೆ.’

ಹುಡುಗಿ ನನ್ನನ್ನು ಗೆದ್ದವಳಂತೆ ನೋಡಿದಳು. ಗೆದ್ದೂ ಇದ್ದಳು, ಅರ್ಧ. ನಾನು ಮೊದಲ ದಿನ ‘ಇದೊಂದೂ ಗೊತ್ತಿಲ್ಲ’ ಎಂದು ಇಲಿಯನ್ನೂ ಚಿಗಟವನ್ನೂ ಒಟ್ಟಿಗೆ ಕಿತ್ತುಕೊಂಡಿದ್ದೆ, ಅದು ತಪ್ಪು. ಇನ್ನರ್ಧವನ್ನು ಬಿಡಿಸಿದವನು ಗುಮಾಸ್ತ. ಅಜ್ಜಿ ಹುಟ್ಟಿದ್ದು ಹೆಚ್ಚುಕಡಿಮೆ 1940ರಲ್ಲಿ. ಅವರ ತಾಯಿ 1898ರಲ್ಲಿ ಇರಲಿಕ್ಕೇ ಇಲ್ಲ. ಪ್ಲೇಗ್ ಆಮೇಲೂ ದಶಕಗಟ್ಟಲೆ ಮರಳಿ ಮರಳಿ ಬಂತು. ಊರು ಬಿಡುವ ಜಾಣತನ ಆ ಮರುಕಳಿಕೆಗಳಲ್ಲಿ ಪಳಗಿದ್ದಿರಬೇಕು. ‘ಹಾಗಾದರೆ ಮೊದಲ ಸಲ ಬಂದಾಗ?’ ಎಂದು ಅವನೇ ಕೇಳಿಕೊಂಡ. ಮುಂಬಯಿಯಲ್ಲಿ ಜನ ಸಾಯುವ ಮುಂಚೆ ಇಲಿಗಳು ಸತ್ತದ್ದನ್ನು ಗಮನಿಸಿದ್ದರು; ಆ ಸುದ್ದಿ ಯಜಮಾನನಿಗೆ ತಲುಪಿರಬಹುದು. ಗಾಡಿಯವ ಕಣ್ಣಾರೆ ಕಂಡಿದ್ದಾನೆ. ಸೂಲಗಿತ್ತಿಗೆ ಗೊತ್ತಾಗಬೇಕಾದರೆ ಇಬ್ಬರಲ್ಲೊಬ್ಬರು ಹೇಳಬೇಕು. ಚಿಗಟ ಮಾತ್ರ ಯಾರ ಹಾಳೆಗೂ ಸೇರದು. ಪೌಲ್-ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಅದನ್ನು ಪ್ರಯೋಗದಿಂದ ತೋರಿಸಿದ್ದು ಅದೇ 1898ರಲ್ಲಿ, ಆಗ ಹೆಚ್ಚಿನವರು ನಂಬಲಿಲ್ಲ. 1905ರ ನಂತರ ಮುಂಬಯಿಯಲ್ಲಿ ನಡೆದ ಪ್ರಯೋಗಗಳು ಅದನ್ನು ಗಟ್ಟಿ ಮಾಡಿದವು.

‘ವೈದ್ಯರೇ ನಂಬದಿದ್ದದ್ದನ್ನು ನಂಬಲಿಲ್ಲವೆಂದು ನೇಕಾರನನ್ನು ನೋಡಿ ನಕ್ಕೆವು’ ಎಂದಳು ಸೂಲಗಿತ್ತಿ. ನೇಕಾರ ‘ಕೋಳಿಯ ಖರ್ಚು ನನ್ನದೇ ಆಗಿತ್ತು’ ಎಂದ. ಮಾರಮ್ಮನ ಹರಕೆಯನ್ನು ಆ ದಿನ ಮತ್ತೆ ಆಡಿದೆವು. ಪ್ಲೇಗ್ ಮಾರಮ್ಮನ ಗುಡಿಗಳು ಬೆಂಗಳೂರಿನಲ್ಲಿ ಈಗಲೂ ಇವೆ ಎಂದು ಹೇಳಿದೆ. ಅಜ್ಜಿ ಹರಕೆಯ ಕ್ರಮ ಹೇಳಿಕೊಟ್ಟರು. ಯಾರೂ ನಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಈ ಸಲ ಅಜ್ಜಿಯ ಜೊತೆ ನಕ್ಕರು.

ಕಲಿತದ್ದು, ಕಲಿಯದ್ದು

ಐದನೇ ಶನಿವಾರ ಮೊದಲ ದಿನದ ಪ್ರಶ್ನೆಯನ್ನೇ ಮತ್ತೆ ಕೊಟ್ಟೆ. ‘ತಿಳಿವಳಿಕೆ ಇರಲಿಲ್ಲ’ ಎಂಬುದು ಒಂದೇ ಚೀಟಿಯಲ್ಲಿ ಉಳಿದಿತ್ತು. ಉಳಿದವುಗಳಲ್ಲಿ ಶೆಡ್ಡಿನ ಭಯ, ಮಡಿ, ಕೂಲಿ ತಪ್ಪುವ ಚಿಂತೆ, ಹೆಂಚು ತೆಗೆದರೆ ಮಳೆಗಾಲದಲ್ಲಿ ಎಲ್ಲಿರುವುದು ಎಂಬ ಪ್ರಶ್ನೆ ಇದ್ದವು. ಗುಮಾಸ್ತ ಬರೆದದ್ದು: ‘ಬಚ್ಚಿಟ್ಟದ್ದು ತಪ್ಪು, ಆದರೆ ನಾನಿದ್ದರೂ ಬಚ್ಚಿಡುತ್ತಿದ್ದೆ.’

ಇಸವಿಗಳ ವಿಷಯದಲ್ಲಿ ಫಲಿತಾಂಶ ಹೀನಾಯ. ವಿಕ್ಟೋರಿಯಾ ಆಸ್ಪತ್ರೆಯನ್ನು ಪ್ಲೇಗಿಗಾಗಿ ಕಟ್ಟಿದರು ಎಂದು ನಾಲ್ವರು ಬರೆದರು. ಅಡಿಗಲ್ಲು ಬಿದ್ದದ್ದು 1897ರಲ್ಲಿ, ರಾಣಿಯ ಆಳ್ವಿಕೆಯ ಅರವತ್ತನೇ ವರ್ಷದ ನೆನಪಿಗೆ, ಅಂದರೆ ಇಲ್ಲಿ ಪ್ಲೇಗ್ ಕಾಣುವ ಮುಂಚೆ. ಬಾಗಿಲು ತೆರೆದದ್ದು 1900ರಲ್ಲಿ. ಆಟದಲ್ಲಿ ಮುಂದಿನ ಘಟನೆಗೆ ಹಿಂದಿನದು ಕಾರಣವಾಗಿಯೇ ತೋರುತ್ತದೆ, ಇದು ಈ ಬಗೆಯ ಆಟದ ಹುಟ್ಟುದೋಷವೆಂದು ನನಗನಿಸುತ್ತದೆ. ಏಳೂವರೆ ಗಂಟೆ ಹಿಡಿಯಿತು, ಪುಸ್ತಕದಲ್ಲಿ ಇದು ಒಂದು ಪ್ಯಾರಾ. ಪೋರ್ಷನ್ ಮುಗಿಸಬೇಕಾದ ಶಿಕ್ಷಕರಿಗೆ ಇದನ್ನು ಶಿಫಾರಸು ಮಾಡುವ ಧೈರ್ಯ ನನಗಿಲ್ಲ. ಆರಕ್ಕಿಂತ ಹೆಚ್ಚು ಮಕ್ಕಳಿದ್ದರೆ ನನ್ನಿಂದ ಆಗುತ್ತಲೂ ಇರಲಿಲ್ಲ.

ಆ ದಿನ ಆಟಕ್ಕೆ ಮುಂಚೆ ಬಸವನಗುಡಿಯ ಹಿಂದಿನ ಓಣಿಗಳಲ್ಲಿ ಒಂದು ಸುತ್ತು ಹೋಗಿದ್ದೆವು. ಮನೆಗಳ ಬೆನ್ನಿಗೆ ಸಾಗುವ ಈ ಕಿರುದಾರಿಗಳನ್ನು ಮಕ್ಕಳು ಕ್ರಿಕೆಟ್ ಆಡಲು ಬಲ್ಲರೇ ಹೊರತು ಮಲ ಹೊರುವವರು ಬಂದು ಹೋಗಲಿಕ್ಕೆ ಬಿಟ್ಟ ದಾರಿಯೆಂದು ಬಲ್ಲವರಲ್ಲ. ಗಾಳಿ ಬೆಳಕು ಬೇಕು, ಮನೆಗೆ ಮನೆ ಅಂಟಿರಬಾರದು ಎಂಬ ಪ್ಲೇಗ್ ಕಾಲದ ಪಾಠಕ್ಕೆ ತಕ್ಕಂತೆ ಬಸವನಗುಡಿ, ಮಲ್ಲೇಶ್ವರಗಳ ಬೀದಿಗಳು ಎದ್ದವು. ಆಟದ ಕೊನೆಯ ಘಟ್ಟದಲ್ಲಿ ಹೊಸ ಬಡಾವಣೆಯಲ್ಲಿ ನಿವೇಶನ ಕೊಳ್ಳುವ ಅವಕಾಶವಿತ್ತು. ಯಜಮಾನ ಕೊಂಡ. ಗುಮಾಸ್ತ ಸಾಲ ಮಾಡಿ ಕೊಂಡ. ಗಾಡಿಯವ ತನ್ನ ಹಾಳೆ ತಿರುಗಿಸಿ ಮುರುಗಿಸಿ ನೋಡಿದ, ಅವನ ಬಳಿ ಇದ್ದದ್ದು ಎತ್ತು ಮತ್ತು ಯಜಮಾನ ಕೊಟ್ಟ ಹಣ.

‘ನಾನು ಏನಾದೆ?’ ಎಂದು ಕೇಳಿದ.

ಜನಗಣತಿಯ ಲೆಕ್ಕ ತೆಗೆದು ತೋರಿಸಿದೆ. ಪೇಟೆ ಮತ್ತು ದಂಡು ಸೇರಿ 1891ರಲ್ಲಿ ಸುಮಾರು 1 ಲಕ್ಷ 80 ಸಾವಿರ ಜನ, 1901ರಲ್ಲಿ ಸುಮಾರು 1 ಲಕ್ಷ 59 ಸಾವಿರ. ಇಷ್ಟು ಜನ ಸತ್ತರೇ ಎಂದ. ಎಲ್ಲರೂ ಸತ್ತವರಲ್ಲ, ಊರು ಬಿಟ್ಟು ಹೋದವರೂ ಇದರಲ್ಲಿದ್ದಾರೆ, ಯಾರು ಸತ್ತರು ಯಾರು ಹೋದರು ಎಂದು ಈ ಅಂಕಿಯಿಂದ ಬಿಡಿಸಲಾಗದು ಎಂದೆ. ಬೀಜ ಎಸೆಯಬಹುದೇ ಎಂದು ಕೇಳಿದ. ಎಸೆ ಎಂದೆ. ನಾಲ್ಕನ್ನೂ ಅಂಗೈಯಲ್ಲಿ ಕುಲುಕಿ, ಎಸೆಯದೆ, ಕೆಳಗಿಟ್ಟ. ಪೆನ್ಸಿಲ್ ತೆಗೆದುಕೊಂಡು ‘ಕಂಡದ್ದು’ ಕಾಲಂ ಬಿಟ್ಟು, ಮುಂದಿನದರಲ್ಲಿ ಬರೆದ: ‘ಗಾಡಿಯವ ಮಾಗಡಿಗೆ ಹೋದನಂತೆ.’